ಎರಡು ಎಕರೆಗೆ ಯಾವ ಪ್ರಾಣಿ: ಏಪ್ರಿಲ್ ತಿಂಗಳ ಮೇವಿನ ಲೆಕ್ಕ

ಊರಿಗೆ ಮರಳಿ ಎರಡು ಎಕರೆ ಜಮೀನಿನಲ್ಲಿ ಬದುಕು ಕಟ್ಟಿಕೊಳ್ಳಬೇಕೆಂದು ಹೊರಟವರು ಮನೆಯ ಗೋಡೆ ಏಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. ಹಸು ಕಟ್ಟೋಣವೇ, ಆಡು ಸಾಕೋಣವೇ, ಕೋಳಿ ಬಿಡೋಣವೇ? ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಬೆಲೆಯಿಂದ ಮಾತು ತೆಗೆಯುತ್ತಾರೆ: ಲೀಟರ್ ಹಾಲಿಗೆ ಎಷ್ಟು, ಹಬ್ಬದ ಹೊತ್ತಿಗೆ ಹೋತಕ್ಕೆ ಎಷ್ಟು, ನಾಟಿ ಮೊಟ್ಟೆಗೆ ಎಷ್ಟು. ನನ್ನ ಮೊದಲ ಪ್ರಶ್ನೆ ಬೇರೆ. ಏಪ್ರಿಲ್ ತಿಂಗಳಲ್ಲಿ, ಹದವಾದ ಮಳೆ ಇನ್ನೂ ಬೀಳದಿರುವಾಗ, ನಿಮ್ಮ ಜಮೀನಿನಲ್ಲಿ ತಿನ್ನಲು ಏನು ಉಳಿದಿರುತ್ತದೆ? ಬಣವೆಯಲ್ಲಿ ಹುಲ್ಲೋ, ಬದುವಿನ ಮೇಲೆ ಸೊಪ್ಪಿನ ಗಿಡವೋ, ತೋಟದ ನೆರಳಿನಲ್ಲಿ ಗರಿಕೆಯೋ? ಅದನ್ನು ನೋಡಿದರೆ ಪ್ರಾಣಿಯ ಆಯ್ಕೆ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ.

ಏಕೆಂದು ತಿಳಿಯಲು ಹೊಟ್ಟೆಯೊಳಗೆ ಇಣುಕಬೇಕು. ದನ, ಎಮ್ಮೆ, ಕುರಿ, ಆಡು ಎಲ್ಲವೂ ಮೆಲುಕು ಹಾಕುವ ಪ್ರಾಣಿಗಳು. ಹುಲ್ಲಿನ ಮುಖ್ಯ ಭಾಗವಾದ ಸೆಲ್ಯುಲೋಸನ್ನು ಒಡೆಯುವ ಕಿಣ್ವವನ್ನು ಇವುಗಳಲ್ಲಿ ಯಾವುದರ ದೇಹವೂ ತಯಾರಿಸುವುದಿಲ್ಲ. ಆ ಕೆಲಸ ಮಾಡುವುದು ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಅತಿ ದೊಡ್ಡದಾದ ರೂಮೆನ್‌ನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಮತ್ತು ಶಿಲೀಂಧ್ರಗಳು. ಗಾಳಿಯಾಡದ, ಬೆಚ್ಚಗಿನ, ಸದಾ ಹುದುಗುತ್ತಿರುವ ಹಂಡೆ ಅದು. ಅಲ್ಲಿ ನಾರು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗಿ ಮಾರ್ಪಡುತ್ತದೆ. ಪ್ರಾಣಿಗೆ ಶಕ್ತಿ ಸಿಗುವುದು ಬಹುಮಟ್ಟಿಗೆ ಈ ಆಮ್ಲಗಳಿಂದ. ಆಮೇಲೆ ಸೂಕ್ಷ್ಮಜೀವಿಗಳೂ ಮೇವಿನೊಂದಿಗೆ ಮುಂದಕ್ಕೆ ಸಾಗಿ, ತಾವೇ ಜೀರ್ಣವಾಗಿ, ಪ್ರೋಟೀನ್ ಒದಗಿಸುತ್ತವೆ. ಹಸುವಿಗೆ ಮೇವು ಹಾಕುವವರು ಮೊದಲು ಸಾಕುತ್ತಿರುವುದು ಈ ಕಣ್ಣಿಗೆ ಕಾಣದ ಜೀವಿಗಳನ್ನು.

ನಾಲ್ಕಕ್ಕೂ ಒಂದೇ ಬಗೆಯ ಹೊಟ್ಟೆ ಇದ್ದ ಮೇಲೆ ಯಾವುದಾದರೇನು ಎನ್ನಿಸಬಹುದು. ಇಲ್ಲಿ ದೇಹದ ಗಾತ್ರ ಅಡ್ಡ ಬರುತ್ತದೆ. ಪ್ರಾಣಿ ದೊಡ್ಡದಾದಂತೆ ಅದಕ್ಕೆ ಬೇಕಾದ ಶಕ್ತಿ ತೂಕದಷ್ಟೇ ವೇಗದಲ್ಲಿ ಏರುವುದಿಲ್ಲ, ತೂಕದ ಮುಕ್ಕಾಲು ಘಾತದ ಲೆಕ್ಕದಲ್ಲಿ ಏರುತ್ತದೆ ಎಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ತೋರಿಸಿದರು. 400 ಕಿಲೋ ತೂಕದ ಒಂದು ಹಸುವನ್ನೂ, ತಲಾ 30 ಕಿಲೋದ ಹದಿಮೂರು ಆಡುಗಳನ್ನೂ ಎದುರುಬದುರು ನಿಲ್ಲಿಸಿ. ಒಟ್ಟು ತೂಕ ಹೆಚ್ಚುಕಡಿಮೆ ಒಂದೇ. ಆದರೆ ಹಾಲು, ಗಬ್ಬದ ಮಾತು ಬಿಟ್ಟು ಬರಿಯ ಜೀವಧಾರಣೆಗೇ ಆಡುಗಳ ಹಿಂಡಿಗೆ ಹಸುವಿನ ಸುಮಾರು ದುಪ್ಪಟ್ಟು ಶಕ್ತಿ ಬೇಕು. ರೂಮೆನ್‌ನ ಗಾತ್ರವಾದರೋ ತೂಕಕ್ಕೆ ಸರಿಸಮನಾಗಿ ಬೆಳೆಯುವಂಥದ್ದು. ಹದಿಮೂರೂ ಸೇರಿದರೂ ಹಸುವಿನದಷ್ಟೇ ಜಾಗ. ಅಷ್ಟೇ ಜಾಗದಲ್ಲಿ ದುಪ್ಪಟ್ಟು ಶಕ್ತಿ ತೆಗೆಯಬೇಕಾದರೆ ತಿನ್ನುವುದು ಸತ್ವವುಳ್ಳದ್ದಾಗಿರಬೇಕು, ಬೇಗ ಕರಗುವಂಥದ್ದಾಗಿರಬೇಕು.

ಆಡು ಏನು ಕೊಟ್ಟರೂ ತಿನ್ನುತ್ತದೆ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದರಿಂದ ಎಷ್ಟೋ ಹೊಸಬರು ನಷ್ಟ ಅನುಭವಿಸಿದ್ದಾರೆ. ಆಡು ಎಲ್ಲಕ್ಕೂ ಬಾಯಿ ಹಾಕುತ್ತದೆ ನಿಜ, ಆದರೆ ಹಾಗೆ ಮಾಡುವುದು ಒಳ್ಳೆಯದನ್ನು ಹುಡುಕಲಿಕ್ಕೆ. ಅದರ ಮೇಲ್ದುಟಿ ಚುರುಕು. ಮುಳ್ಳಿನ ನಡುವಿನ ಒಂದೊಂದೇ ಎಲೆಯನ್ನು ಹೆಕ್ಕಬಲ್ಲದು. ಹಿಂಗಾಲಿನ ಮೇಲೆ ನಿಂತು ಎತ್ತರದ ಚಿಗುರಿಗೆ ಬಾಯಿ ಚಾಚುತ್ತದೆ. ದನಕ್ಕೆ ಒಗರೆನಿಸುವ ಟ್ಯಾನಿನ್ ತುಂಬಿದ ಸೊಪ್ಪನ್ನು ಅರಗಿಸಿಕೊಳ್ಳುತ್ತದೆ. ಬರೀ ಭತ್ತದ ಹುಲ್ಲು ಹಾಕಿ ಕಟ್ಟಿದರೆ ಮಾತ್ರ ಸೊರಗುತ್ತದೆ. ಅದೇ ಒಣಹುಲ್ಲಿನಲ್ಲಿ ಎಮ್ಮೆ, ದನಗಳು ಬಹುದಿನ ಉಳಿಯಬಲ್ಲವು. ಅವುಗಳ ದೊಡ್ಡ ರೂಮೆನ್‌ನಲ್ಲಿ ಒರಟು ನಾರು ಹೆಚ್ಚು ಹೊತ್ತು ನಿಂತು ಕರಗುತ್ತದೆ. ಕೊಟ್ಟಿಗೆಯಲ್ಲೇ ಕಟ್ಟಿ ಆಡು ಸಾಕಬೇಕೆಂದಿದ್ದರೆ ಮರಿಗಳನ್ನು ತರುವ ಎರಡು ವರ್ಷ ಮೊದಲೇ ಬದುವಿನ ಉದ್ದಕ್ಕೂ ಅಗಸೆ ಮರ, ಸುಬಾಬುಲ್, ಹಿಪ್ಪುನೇರಳೆ ಎದ್ದಿರಬೇಕು.

ಸುಬಾಬುಲ್ ಎಂದಾಗ ನನಗೆ ಬಹಳ ಇಷ್ಟವಾದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಈ ಗಿಡದ ಎಲೆಯಲ್ಲಿ ಪ್ರೋಟೀನ್ ಹೇರಳವಾಗಿದೆ, ಜೊತೆಗೆ ಮೈಮೋಸಿನ್ ಎಂಬ ವಿಷವೂ ಇದೆ. ಆಸ್ಟ್ರೇಲಿಯಾದಲ್ಲಿ ಇದನ್ನು ತಿಂದ ದನಗಳ ಕೂದಲು ಉದುರುತ್ತಿತ್ತು, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತಿತ್ತು. ಹವಾಯಿ ದ್ವೀಪದ ಆಡುಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ ಇದಕ್ಕೆ ಕಾರಣ ಆಡಿನಲ್ಲಲ್ಲ, ಅದರ ರೂಮೆನ್‌ನ ಬ್ಯಾಕ್ಟೀರಿಯಾದಲ್ಲಿದೆ ಎಂದು ಊಹಿಸಿದರು. 1980ರ ದಶಕದಲ್ಲಿ ಆ ಸೂಕ್ಷ್ಮಜೀವಿಗಳನ್ನು ಆಸ್ಟ್ರೇಲಿಯಾದ ದನಗಳಿಗೆ ಸೇರಿಸಿದಾಗ ಅವೂ ಸುಬಾಬುಲ್ ತಿಂದು ಆರೋಗ್ಯವಾಗಿದ್ದವು. ಆ ಬ್ಯಾಕ್ಟೀರಿಯಾಕ್ಕೆ ಮುಂದೆ ಜೋನ್ಸ್ ಅವರ ಗೌರವಾರ್ಥ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂಬ ಹೆಸರು ಬಂತು. ಒಂದೇ ತಳಿಯ ಎರಡು ಪ್ರಾಣಿಗಳು ಹುಟ್ಟಿ ಬೆಳೆದ ಊರಿಗೆ ತಕ್ಕಂತೆ ಬೇರೆ ಬೇರೆ ಮೇವನ್ನು ಅರಗಿಸಿಕೊಳ್ಳಬಲ್ಲವು ಎಂಬುದು ಇದರಿಂದ ತಿಳಿಯುತ್ತದೆ. ಪ್ರಾಣಿ ಕೊಳ್ಳುವಾಗ ಇದು ನೆನಪಿರಲಿ.

ಕುರಿಯದು ಬೇರೆ ಸ್ವಭಾವ. ಅದು ನೆಲಕ್ಕೆ ಬಾಯಿ ಹಚ್ಚಿ ಗಿಡ್ಡ ಹುಲ್ಲನ್ನೂ ಕೊಯ್ಲಾದ ಹೊಲದ ಕೂಳೆಯನ್ನೂ ಮೇಯುತ್ತದೆ. ಹಾಗಾಗಿ ಬೀಳುಭೂಮಿ, ಗೋಮಾಳ ಹತ್ತಿರವಿದ್ದವರಿಗೆ ಕುರಿ ಸರಿ. ಬನ್ನೂರು ಕುರಿಯ ಮಾಂಸಕ್ಕೆ ಹೆಸರಿದೆ, ಕೆಂಗುರಿ ರಾಯಚೂರು, ಕೊಪ್ಪಳದ ಬಿಸಿಲಿಗೆ ಒಗ್ಗಿದೆ, ಡೆಕ್ಕನಿ ಮೈಲಿಗಟ್ಟಲೆ ನಡೆದು ಮೇಯುವ ತಳಿ. ಎರಡು ಎಕರೆಯಲ್ಲಿ ಕೂಡಿಹಾಕಿ ಸಾಕುವವರು ಎರಡು ಅಪಾಯಗಳನ್ನು ಬಲ್ಲವರಾಗಿರಬೇಕು. ಒಂದು ಜಂತುಹುಳು. ಹಿಕ್ಕೆಯಿಂದ ಹೊರಬಂದ ಮರಿಹುಳುಗಳು ಒದ್ದೆ ಹುಲ್ಲಿನ ಬುಡದ ಕೆಲವೇ ಅಂಗುಲಗಳಲ್ಲಿ ಇರುತ್ತವೆ. ಅದೇ ಜಾಗದಲ್ಲಿ ಪದೇ ಪದೇ ಮೇಯಿಸಿದರೆ ಕುರಿಗೆ ಹುಳುವಿನ ಹೊರೆ ಏರುತ್ತಲೇ ಹೋಗುತ್ತದೆ. ಎತ್ತರದ ಸೊಪ್ಪಿಗೆ ಹೊಂದಿಕೊಂಡ ಆಡಿಗೆ ಈ ಹುಳುಗಳನ್ನು ತಡೆಯುವ ಶಕ್ತಿ ಇನ್ನೂ ಕಡಿಮೆ, ಆದ್ದರಿಂದ ಆಡನ್ನು ನೆಲದ ಹುಲ್ಲಿಗೆ ಇಳಿಸಿದರೆ ತೊಂದರೆ ಹೆಚ್ಚು. ಇನ್ನೊಂದು ತಾಮ್ರ. ಕುರಿಯ ಯಕೃತ್ತು ತಾಮ್ರವನ್ನು ಸುಲಭವಾಗಿ ಹೊರಹಾಕದೆ ಕೂಡಿಟ್ಟುಕೊಳ್ಳುತ್ತದೆ. ಹಸುವಿಗೆಂದು ತಂದ ಖನಿಜ ಮಿಶ್ರಣವನ್ನು ಕುರಿಗೂ ಹಾಕುತ್ತಾ ಹೋದರೆ ಒಂದು ದಿನ ಅದು ಇದ್ದಕ್ಕಿದ್ದಂತೆ ಸಾಯಬಹುದು. ದನವನ್ನೂ ಕುರಿಯನ್ನೂ ಒಂದೇ ಕೊಟ್ಟಿಗೆಯಲ್ಲಿ ಸಾಕುವ ಮನೆಗಳಿಗೆ ಈ ವಿಷಯವನ್ನು ಯಾರಾದರೂ ಮೊದಲೇ ಹೇಳಬೇಕು.

ಈಗ ಹಸುವಿಗೆ ಬರೋಣ. ತುಮಕೂರು, ಚಿತ್ರದುರ್ಗದ ಕಡೆಯ ಮಳೆಯಾಶ್ರಿತ ಒಂದು ಎಕರೆ ರಾಗಿ ಹೊಲವನ್ನು ತೆಗೆದುಕೊಳ್ಳಿ. ಮಳೆ ಕೈಕೊಡದಿದ್ದರೆ ಒಂದೂವರೆ ಟನ್ ಆಸುಪಾಸು ಹುಲ್ಲು ಬಣವೆಗೆ ಬರುತ್ತದೆ. 400 ಕಿಲೋದ ಮಿಶ್ರತಳಿ ಹಸುವಿಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು, ಅದರ ಮೇಲೆ 20ರಿಂದ 25 ಕಿಲೋ ಹಸಿಮೇವು, ಹಾಲಿಗೆ ತಕ್ಕಂತೆ ಹಿಂಡಿ ಬೂಸಾ ಬೇಕು. ವರ್ಷಕ್ಕೆ ಒಣಹುಲ್ಲೇ ಎರಡು ಟನ್ ಆಯಿತು. ಅಂದರೆ ಒಂದು ಎಕರೆಯ ರಾಗಿ ಹುಲ್ಲು ಒಂದು ಹಸುವಿಗೂ ಸಾಲದು. ಕೊಳವೆಬಾವಿಯಲ್ಲಿ ಬೇಸಿಗೆಗೂ ನೀರಿದ್ದರೆ ಹತ್ತು ಗುಂಟೆಯಲ್ಲಿ ಬೆಳೆದ ಹೈಬ್ರಿಡ್ ನೇಪಿಯರ್ ಎಂಬ ಮೇವಿನ ಹುಲ್ಲು ಎರಡು ಹಸುಗಳ ಹಸಿಮೇವಿಗೆ ಸಾಕು. ನೀರಿಲ್ಲದಿದ್ದರೆ ಏಪ್ರಿಲ್‌ನಲ್ಲಿ ಅಲ್ಲಿ ಒಣಗಿದ ಬುಡಗಳು ಮಾತ್ರ ಇರುತ್ತವೆ. ಅದೇ ಬೇಸಿಗೆಯಲ್ಲಿ ಹಾಲು ಕೊಡುವ ಹಸು ದಿನಕ್ಕೆ 60 ಲೀಟರ್‌ಗೂ ಹೆಚ್ಚು ನೀರು ಕುಡಿಯುತ್ತದೆ. ಒಣಹುಲ್ಲಿನಲ್ಲೂ ತಾರತಮ್ಯವಿದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಅದರ ಆಕ್ಸಲೇಟ್ ಕ್ಯಾಲ್ಸಿಯಂ ದಕ್ಕದಂತೆ ಮಾಡುತ್ತದೆ. ರಾಗಿ ಹುಲ್ಲು ಅದಕ್ಕಿಂತ ಎಷ್ಟೋ ಮೇಲು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷ ಸೇರಿರುತ್ತದೆ, ಅದನ್ನು ಕೊಯ್ದು ಹಾಕಲೇಬಾರದು.

ಬಿಸಿಲಿನ ಮಾತೂ ಇದೆ. ರೂಮೆನ್‌ನ ಹುದುಗುವಿಕೆಯೇ ಶಾಖ ಹುಟ್ಟಿಸುತ್ತದೆ, ಹೆಚ್ಚು ತಿಂದು ಹೆಚ್ಚು ಹಾಲು ಕೊಡುವ ಹಸುವಿನೊಳಗೆ ಹೆಚ್ಚು ಶಾಖ. ತಂಪು ದೇಶದಲ್ಲಿ ರೂಪುಗೊಂಡ ಹೋಲ್‌ಸ್ಟೀನ್ ಫ್ರೀಸಿಯನ್‌ಗೆ 25 ಡಿಗ್ರಿ ದಾಟಿದಂತೆ ಈ ಶಾಖವನ್ನು ಹೊರಹಾಕುವುದು ಕಷ್ಟ. ಅದು ಮೇವು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ, ಬೆದೆಯ ಲಕ್ಷಣಗಳೂ ಮಸುಕಾಗುತ್ತವೆ. ಎಮ್ಮೆಯ ಕಪ್ಪು ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ, ಅದಕ್ಕೆ ಕೆರೆಯೋ ಹೊಂಡವೋ ಬೇಕು. ಮಲೆನಾಡಿನ ಮನೆಗಳಿಗೆ ನಾನು ನಿಸ್ಸಂಕೋಚವಾಗಿ ಮಲೆನಾಡು ಗಿಡ್ಡವನ್ನೇ ಹೇಳುತ್ತೇನೆ. ನೂರು ನೂರಿಪ್ಪತ್ತು ಕಿಲೋದ ಈ ಹಸು ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಡುತ್ತದೆ. ಡೇರಿಗೆ ಹಾಕಲು ಅದು ಸಾಲದು, ನಾಲ್ಕು ಜನರ ಮನೆಗೆ ಸಾಕು. ಸುರಿಯುವ ಮಳೆ, ಜಾರುವ ಇಳಿಜಾರು, ಕಾಡಿನ ಸೊಪ್ಪು ಇವೆಲ್ಲಕ್ಕೂ ತಲೆಮಾರುಗಳಿಂದ ಒಗ್ಗಿಕೊಂಡ ಪ್ರಾಣಿ ಅದು.

ಕರುವಿನ ಲೆಕ್ಕವನ್ನು ಹೊಸಬರು ಮರೆಯುತ್ತಾರೆ. ಹಾಲು ಬೇಕಾದರೆ ಹಸು ಈಯಲೇಬೇಕು, ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. 2021ರಿಂದ ಜಾರಿಯಲ್ಲಿರುವ ಕಾಯಿದೆಯಂತೆ ಕರ್ನಾಟಕದಲ್ಲಿ ಯಾವ ವಯಸ್ಸಿನ ದನವನ್ನೂ ವಧೆಗೆ ಕೊಡುವಂತಿಲ್ಲ. ವಿನಾಯಿತಿ ಇರುವುದು ಹದಿಮೂರು ವರ್ಷ ದಾಟಿದ ಎಮ್ಮೆಗಳಿಗೆ. ಹಾಗಾದರೆ ಆ ಹೋರಿಗರುವಿನ ಮೇವು ನಿಮ್ಮ ಬಣವೆಯಿಂದಲೇ ಹೋಗಬೇಕು. ಲಿಂಗ ವಿಂಗಡಿಸಿದ ವೀರ್ಯ ಬಳಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣುಕರು ಬರುತ್ತವೆ. ಹಸು ಕಟ್ಟುವವರು ಊರಿನ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬೇಕಾದದ್ದು ಇದನ್ನು.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಪುಟ್ಟ ಸಸ್ಯಕ್ಕೆ ತೊಟ್ಟಿ ಕಟ್ಟಿದರೆ ಹಿಂಡಿಯ ಖರ್ಚೇ ಇಲ್ಲ ಎಂದು ನಂಬಿಸುವವರಿದ್ದಾರೆ. ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಎರಡು ಕಿಲೋ ಹಾಕಿದರೆ ಹಸುವಿಗೆ ಸಿಗುವ ಪ್ರೋಟೀನ್ ಸುಮಾರು 30 ಗ್ರಾಂ. ಹತ್ತು ಲೀಟರ್ ಹಾಲಿನಲ್ಲಿ ಹೊರಗೆ ಹೋಗುವುದು 300 ಗ್ರಾಂಗಿಂತ ಹೆಚ್ಚು. ಕೋಳಿಗೆ ಅಜೋಲಾ ಒಳ್ಳೆಯ ತಿಂಡಿ, ಹಸುವಿನ ಹಿಂಡಿಗೆ ಅದು ಬದಲಿಯಲ್ಲ.

ಕೋಳಿಗೆ ರೂಮೆನ್ ಇಲ್ಲ, ಅದಕ್ಕೆ ಹುಲ್ಲು ಸಾಲದು. ಅದು ಬದುಕುವುದು ಕಾಳು, ಹುಳು, ಗೆದ್ದಲು, ತಿಪ್ಪೆಯ ಮರಿಹುಳುಗಳ ಮೇಲೆ. ಮನೆಯ ಸುತ್ತ ಇಂಥ ಆಹಾರ ಇರುವಷ್ಟಕ್ಕೇ ಕೋಳಿ ಬಿಟ್ಟರೆ ಖರ್ಚು ಬಹಳ ಕಡಿಮೆ; ಮಿತಿ ದಾಟಿದರೆ ಚೀಲದ ಆಹಾರ ಕೊಳ್ಳಬೇಕು, ಆಗ ಅದು ಬೇರೆಯೇ ವ್ಯವಹಾರ. ನಾಟಿ ಹೇಂಟೆ ವರ್ಷಕ್ಕೆ ಅರುವತ್ತು ಎಪ್ಪತ್ತು ಮೊಟ್ಟೆಯಿಟ್ಟರೆ ಹೆಚ್ಚು, ಆದರೆ ಕಾವಿಗೆ ಕೂತು ಮರಿ ಮಾಡುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮೊಟ್ಟೆಯಲ್ಲೂ ತೂಕದಲ್ಲೂ ಮುಂದು, ಕಾವು ಕೂರುವುದರಲ್ಲಿ ಹಿಂದು. ಎರಡನ್ನೂ ಸಾಕಿ ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡುವ ಉಪಾಯ ಸೊಗಸಾದದ್ದು. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮಾತ್ರ ತಪ್ಪಿಸಬಾರದು. ಆ ರೋಗ ಬಂದರೆ ಎರಡು ಮೂರು ದಿನಗಳಲ್ಲಿ ಗೂಡು ಬರಿದಾಗುತ್ತದೆ.

ತುಮಕೂರಿನ ಕಡೆ ರಾಗಿ, ಅವರೆ, ನಾಲ್ಕಾರು ತೆಂಗು, ಬೇಸಿಗೆಯಲ್ಲಿ ಸೊರಗುವ ಕೊಳವೆಬಾವಿ ಇರುವ ಎರಡು ಎಕರೆ ನನ್ನದಾಗಿದ್ದರೆ ಮೊದಲ ವರ್ಷ ಏಳೆಂಟು ಕೋಳಿ ಬಿಟ್ಟು, ಬದುವಿಗೆಲ್ಲ ಅಗಸೆ, ಸುಬಾಬುಲ್ ಹಾಕುತ್ತಿದ್ದೆ. ಸೊಪ್ಪು ಎದ್ದ ಮೇಲೆ ನಾಲ್ಕು ಹೆಣ್ಣಾಡು. ಒಂಟಿಯಾಗಿ ಒಂದನ್ನೇ ಕಟ್ಟುವುದಿಲ್ಲ, ಹಿಂಡಿನ ಪ್ರಾಣಿ ಒಂಟಿತನದಲ್ಲಿ ಕೊರಗುತ್ತದೆ. ಹಸುವನ್ನು ತರುವುದು ಎರಡು ಏಪ್ರಿಲ್ ಕಳೆದ ಮೇಲೂ ಬಣವೆಯಲ್ಲಿ ಹುಲ್ಲು ಮಿಕ್ಕಿದ್ದರೆ, ಬೆಳಗ್ಗೆ ಸಂಜೆ ತಪ್ಪದೆ ಹಾಲು ಕರೆಯಲು ಮನೆಯಲ್ಲಿ ಜನ ಇದ್ದರೆ ಮಾತ್ರ. ಆಡನ್ನು ಉತ್ತರ ಭಾರತದ ದೊಡ್ಡ ತಳಿಗಳ ಚಿತ್ರ ನೋಡಿ ತರಿಸದೆ ಹತ್ತಿರದ ಸಂತೆಯಲ್ಲಿ, ಇದೇ ಸೊಪ್ಪು ತಿಂದು ಬೆಳೆದದ್ದನ್ನು ಕೊಳ್ಳುತ್ತಿದ್ದೆ; ನಮ್ಮ ನಂದಿದುರ್ಗ ಆಡು ಈ ಬಯಲಿಗೇ ಹೊಂದಿದ ತಳಿ. ಹೊಸ ಮೇವಿಗೆ ರೂಮೆನ್‌ನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟು ದಿನ ಹಳೆಯ ಮೇವನ್ನೂ ಬೆರೆಸಿ ಕೊಡುತ್ತಾ, ಹೊಸ ಪ್ರಾಣಿಯನ್ನು ಬೇರೆ ಕಡೆ ಕಟ್ಟಿದರೆ ಅದು ಹೊತ್ತು ತಂದಿರಬಹುದಾದ ರೋಗವೂ ಅಷ್ಟರೊಳಗೆ ಹೊರಬೀಳುತ್ತದೆ, ಜಂತುಹುಳುವಿನ ಔಷಧಿಯೂ ಆಡು ಕುರಿಗಳ ಪ್ಲೇಗ್ ಎನ್ನುವ ಪಿಪಿಆರ್ ರೋಗದ ಲಸಿಕೆಯೂ ಮುಗಿದಿರುತ್ತವೆ.