ಎಪಾಕ್ಸಿ ಒಣಗುವುದೇ ಇಲ್ಲ

ರೆಸಿನ್, ಹಾರ್ಡ್‌ನರ್ ಅನ್ನುವ ಎರಡು ದ್ರವಗಳನ್ನು ಕಪ್‌ನಲ್ಲಿ ಕಲಸಿ, ಆ ಎಪಾಕ್ಸಿಯನ್ನು ಮರದ ಮೇಜಿಗೆ ಸುರಿದು ಮೂರು ದಿನವಾಗಿತ್ತು. ಮೇಜೆಲ್ಲ ಗಾಜಿನ ಹಾಗೆ ಗಟ್ಟಿ. ಬಲಗಡೆ ಮೂಲೆಯಲ್ಲಿ ಅಂಗೈಯಗಲ ಜಾಗ ಮಾತ್ರ ಅಂಟಂಟು. ಬೆರಳಿಟ್ಟರೆ ಗೆರೆಗಳ ಸಮೇತ ಅಚ್ಚು ಬೀಳುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಇನ್ನೂ ಒಣಗಿಲ್ಲ, ಫ್ಯಾನ್ ಹಾಕು."

ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಒಣಗುವುದು ಅಂದರೆ ನೀರೋ ತಿನ್ನರೋ ಗಾಳಿಗೆ ಹಾರಿಹೋಗುವುದು. ಮೇಜಿಗೆ ಸುರಿಯುವ ಎಪಾಕ್ಸಿಯಲ್ಲಿ ಹಾರಿಹೋಗಲು ಹೆಚ್ಚೇನೂ ಇರುವುದಿಲ್ಲ. ಕಾಂಕ್ರೀಟನ್ನೇ ನೋಡಿ. ಅದು ಒಣಗಿ ಗಟ್ಟಿಯಾಗುವುದಾದರೆ ದಿನಾ ನೀರು ಹಾಕಿ ಕ್ಯೂರಿಂಗ್ ಯಾಕೆ ಮಾಡಬೇಕು? ಎಪಾಕ್ಸಿಯದೂ ಕ್ಯೂರಿಂಗೇ, ಅಂದರೆ ಒಳಗೇ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುವುದು. ನೀರು ಬೇಡ, ಅಷ್ಟೇ.

ರೆಸಿನ್‌ನ ಒಂದೊಂದು ಅಣುವಿನ ಎರಡೂ ತುದಿಯಲ್ಲಿ ಎಪಾಕ್ಸೈಡ್ ಅನ್ನುವ ಪುಟ್ಟ ತ್ರಿಕೋನ ಇರುತ್ತದೆ. ಎರಡು ಕಾರ್ಬನ್, ಒಂದು ಆಕ್ಸಿಜನ್. ಸುಮಾರು 109 ಡಿಗ್ರಿ ಕೋನದಲ್ಲಿ ಆರಾಮಾಗಿ ಇರಬೇಕಾದ ಬಂಧಗಳನ್ನು 60 ಡಿಗ್ರಿಗೆ ಬಗ್ಗಿಸಿ ಕೂರಿಸಿದ ಹಾಗೆ. ಹೆದೆಯೇರಿಸಿದ ಬಿಲ್ಲು ಅನ್ನಿ, ಒತ್ತಿ ಹಿಡಿದ ಸ್ಪ್ರಿಂಗ್ ಅನ್ನಿ. ಹಾರ್ಡ್‌ನರ್‌ನಲ್ಲಿರುವ ಅಮೀನ್ ಅನ್ನುವ ನೈಟ್ರೋಜನ್ ಇರುವ ರಾಸಾಯನಿಕ ತಾಗಿದರೆ ತ್ರಿಕೋನ ಬಿಚ್ಚಿಕೊಂಡು ಅದಕ್ಕೆ ಅಂಟಿಕೊಳ್ಳುತ್ತದೆ. ಹೊರಬೀಳುವ ಶಾಖದಿಂದಲೇ ಕಪ್ ಬಿಸಿಯಾಗುವುದು.

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಇದೆ. ಹಾರ್ಡ್‌ನರ್ ಅಂದರೆ ಹೆಪ್ಪು, ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಫೈಬರ್‌ಗ್ಲಾಸಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್‌ಗೆ ನೂರಕ್ಕೆ ಒಂದೆರಡು ಪಾಲು ಕೆಟಲಿಸ್ಟ್ ಹಾಕುತ್ತಾರಲ್ಲ, ಈ ಅಭ್ಯಾಸ ಅಲ್ಲಿಂದ ಬಂದಿರಬೇಕು. ಎಪಾಕ್ಸಿಯಲ್ಲಿ ಇದು ಶುದ್ಧ ಲೆಕ್ಕ. ತ್ರಿಕೋನಗಳು ಕಾಜಾ, ಅಮೀನ್‌ನ ಹೈಡ್ರೋಜನ್‌ಗಳು ಗುಂಡಿ. ಒಂದು ಕಾಜಾಕ್ಕೆ ಒಂದೇ ಗುಂಡಿ. ಟೆಟಾ ಅನ್ನುವ ಹಾರ್ಡ್‌ನರ್‌ನ ಒಂದು ಅಣುವಿನಲ್ಲಿ 6 ಗುಂಡಿ, ರೆಸಿನ್ ಅಣುವಿನಲ್ಲಿ 2 ಕಾಜಾ. ಮೂರು ರೆಸಿನ್‌ಗೆ ಒಂದು ಟೆಟಾ. ಮಾಮೂಲಿ ದ್ರವ ರೆಸಿನ್ 100 ಗ್ರಾಂ ಇದ್ದರೆ ಟೆಟಾ ಸುಮಾರು 13 ಗ್ರಾಂ ಸಾಕು. 20 ಗ್ರಾಂ ಸುರಿದರೆ ಮಿಕ್ಕ ಗುಂಡಿಗಳಿಗೆ ಕಾಜಾ ಎಲ್ಲಿಂದ ತರೋಣ? ಬಿಗಿಯಾದ ಬಲೆ ಹೆಣೆಯುವ ಬದಲು ತುಂಡುತುಂಡು ದಾರ ನೇತಾಡುತ್ತದೆ. ಗಟ್ಟಿಯಾಗಬೇಕಾದ್ದು ರಬ್ಬರಿನ ಹಾಗೆ ಉಳಿಯುತ್ತದೆ.

ತೂಕವೋ ಅಳತೆಯೋ ಅನ್ನುವುದನ್ನೂ ನೋಡಿಕೊಳ್ಳಿ. ರೆಸಿನ್ ಹಾರ್ಡ್‌ನರ್‌ಗಿಂತ ಸಾಮಾನ್ಯವಾಗಿ ಭಾರ. ಡಬ್ಬದ ಮೇಲೆ ‘ಅಳತೆಯಲ್ಲಿ 2:1’ ಅಂತಿದ್ದದ್ದನ್ನು ತಕ್ಕಡಿಯಲ್ಲಿ 2:1 ತೂಗಿದರೆ ಲೆಕ್ಕ ತಪ್ಪಿತು.

ಈ ರೆಸಿನ್‌ನ ಕಥೆಯಲ್ಲಿ ಹಲ್ಲಿನ ಡಾಕ್ಟರ ಕೋಣೆಯೂ ಬರುತ್ತದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಸ್ತಾಂ ಕಟ್ಟಿಸುವ ಹಲ್ಲಿಗೆ ಒಳ್ಳೆ ವಸ್ತು ಹುಡುಕುತ್ತಿದ್ದರು. ಗಟ್ಟಿಯಾಗುವಾಗ ಅಷ್ಟಾಗಿ ಕುಗ್ಗದ ವಸ್ತು ಬೇಕಿತ್ತು. ಒಣಗುವ ಯಾವುದೂ ಆ ಕೆಲಸಕ್ಕೆ ಬಾರದು, ಅಲ್ವಾ? ಆವಿಯಾಗಿ ಹೋದಷ್ಟೂ ಕುಗ್ಗುತ್ತದೆ. ಅವರು ಕಂಡುಕೊಂಡ ಎಪಾಕ್ಸಿ ಹಲ್ಲಿಗೆ ಅಷ್ಟಾಗಿ ಒಗ್ಗಲಿಲ್ಲ. ಹಕ್ಕು ಸೀಬಾ ಕಂಪನಿಗೆ ಹೋಗಿ, 1946ರಲ್ಲಿ ಅರಾಲ್ಡೈಟ್ ಅಂಟಾಗಿ ಹೊರಬಂತು.

ಮೇಜಿಗೆ ಬರೋಣ. ನನ್ನ ಲೆಕ್ಕ ಸರಿಯಿತ್ತು. ಇಲ್ಲದಿದ್ದರೆ ಮೇಜಿಡೀ ಅಂಟಬೇಕಿತ್ತು. ಒಂದು ಮೂಲೆ ಮಾತ್ರ ಯಾಕೆ? ಆಮೇಲೆ ನೆನಪಾಯಿತು. ಕಪ್ ಕವುಚಿ ಕಡ್ಡಿಯಿಂದ ಕೆರೆದು ಕೊನೇ ಹನಿಯವರೆಗೂ ಸುರಿದಿದ್ದು ಅಲ್ಲೇ! ಕಪ್‌ನ ಗೋಡೆಗೆ ಮೆತ್ತಿಕೊಂಡಿದ್ದ ರೆಸಿನ್‌ಗೆ ಹಾರ್ಡ್‌ನರ್ ಸೇರಿರಲೇ ಇಲ್ಲ. ಅದಕ್ಕೆ ಫ್ಯಾನ್ ಏನು ಮಾಡೀತು? ತಿಂಗಳು ಬಿಟ್ಟರೂ ಅದು ಹಾಗೇ ಇರುತ್ತದೆ.

ಇಡೀ ಮೈ ಒಂದೇ ಸಮ ಮೆತ್ತಗಿದ್ದರೆ ಮೊದಲು ಚಳಿಯನ್ನು ಅನುಮಾನಿಸಿ. 10 ಡಿಗ್ರಿ ತಾಪ ಇಳಿದರೆ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕೋಣೆ ಬೆಚ್ಚಗೆ ಮಾಡಿ ಒಂದೆರಡು ದಿನ ಕಾಯಬಹುದು. ಆಗಲೂ ಉಗುರು ಇಳಿದರೆ ಲೆಕ್ಕವೇ ತಪ್ಪಿದೆ. ಇನ್ನು ಒಳಗೆ ಗಟ್ಟಿ, ಮೇಲೆ ಮಾತ್ರ ಮೇಣ ಸವರಿದ ಹಾಗೆ ಜಿಡ್ಡು ಇದ್ದರೆ ಅದು ಬ್ಲಶ್. ತೇವದ ಗಾಳಿಯಲ್ಲಿ ಅಮೀನ್ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಆಗುವ ಪೊರೆ. ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿದರೆ ಹೋಗುತ್ತದೆ. ತೊಳೆಯದೆ ಮೊದಲೇ ಸ್ಯಾಂಡ್‌ಪೇಪರ್ ಹಿಡಿದರೆ ಜಿಡ್ಡನ್ನು ಇನ್ನಷ್ಟು ಮೆತ್ತಿದ ಹಾಗೆ.

ಅಂಟಿನ ಮೇಲೆ ಬರೀ ಹಾರ್ಡ್‌ನರ್ ಸವರುವ ಉಪಾಯವನ್ನೂ ಕೇಳಿದ್ದೇನೆ. ದಯವಿಟ್ಟು ಬೇಡ. ಅದು ಒಳಗಿಳಿದು ಸಮನಾಗಿ ಬೆರೆಯುವುದಿಲ್ಲ. ನಾನು ಗ್ಲೌಸ್ ಹಾಕಿಕೊಂಡು ಆ ಮೂಲೆಯನ್ನು ಸ್ಕ್ರೇಪರ್‌ನಿಂದ ಮರ ಕಾಣುವವರೆಗೆ ಕೆರೆದೆ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದೆ, ಸುತ್ತಲಿನ ಗಟ್ಟಿ ಅಂಚನ್ನು ಉಜ್ಜಿ ಒರಟು ಮಾಡಿದೆ. ಈ ಸಲ ಕಲಸಿದ್ದನ್ನು ಇನ್ನೊಂದು ಚೊಕ್ಕ ಕಪ್‌ಗೆ ಸುರಿದು ಮತ್ತೊಮ್ಮೆ ಕಲಸಿದೆ. ಮೊದಲನೇ ಕಪ್ಪನ್ನು ಕೆರೆಯದೆ ಹಾಗೇ ಇಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಮೂಲೆ ಗಟ್ಟಿ. ಆ ಕಪ್‌ನ ಗೋಡೆ ಮಾತ್ರ ಇನ್ನೂ ಬೆರಳಿಗೆ ಅಂಟುತ್ತಿತ್ತು.