ಉಲ್ಕೆಗೆ ಶಟರ್‌ನ ಹಂಗಿಲ್ಲ

ಉಲ್ಕೆಯ ಚಿತ್ರ ತೆಗೆಯಲು ಹೊರಟವರಿಗೆ ಮೊದಲು ಸಿಗುವ ಸಲಹೆಯೇ ತಪ್ಪು: 'ಶಟರ್ ಹೆಚ್ಚು ಹೊತ್ತು ತೆರೆದಿಡಿ, ಉಲ್ಕೆ ಪ್ರಖರವಾಗಿ ಮೂಡುತ್ತದೆ.' ನಕ್ಷತ್ರಕ್ಕೆ ಈ ಮಾತು ಒಪ್ಪುತ್ತದೆ. ಉಲ್ಕೆಗೆ ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ, 24 ಮಿ.ಮೀ. ಲೆನ್ಸ್, ಪಿಕ್ಸೆಲ್ ಅಗಲ 6 ಮೈಕ್ರಾನ್. ಆಕಾಶದಲ್ಲಿ ಸೆಕೆಂಡಿಗೆ 20 ಡಿಗ್ರಿ ಓಡುವ ಉಲ್ಕೆಯ ಬಿಂಬ ಸೆನ್ಸರ್ ಮೇಲೆ ಸೆಕೆಂಡಿಗೆ ಸುಮಾರು 1,400 ಪಿಕ್ಸೆಲ್ ದಾಟುತ್ತದೆ. ಅಂದರೆ ಒಂದೊಂದು ಪಿಕ್ಸೆಲ್ಲಿಗೂ ಅದರ ಬೆಳಕು ಸಿಗುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ದೀಪ ರಾತ್ರಿಯಿಡೀ ಉರಿದರೂ ಕುಡಿಯ ಮೇಲೆ ಸರಕ್ಕನೆ ಹಾಯ್ದ ಬೆರಳು ಸುಡುವುದಿಲ್ಲ. ಹಾಗೆಯೇ ಶಟರ್ 5 ಸೆಕೆಂಡ್ ತೆರೆದಿರಲಿ, 60 ಸೆಕೆಂಡ್ ತೆರೆದಿರಲಿ, ಉಲ್ಕೆಯ ಗೆರೆ ಅಷ್ಟೇ ಪ್ರಖರ. ಹೆಚ್ಚುವುದು ಹಿನ್ನೆಲೆಯ ಆಕಾಶದ ಮಂಕುಬೆಳಕು ಮಾತ್ರ. ಅದು ಮಸುಕಾದ ಉಲ್ಕೆಗಳನ್ನು ನುಂಗಿಬಿಡುತ್ತದೆ.

ಹಾಗಾದರೆ ಉಲ್ಕೆಯನ್ನು ಹಿಡಿಯುವುದು ಯಾವುದು? ಲೆನ್ಸಿನ ತೆರಪು (ಅಪರ್ಚರ್). ನಾಭಿದೂರವನ್ನು (ಫೋಕಲ್ ಲೆಂತ್) ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಿ; ತೆರಪು ಹಿಗ್ಗಿದಷ್ಟೂ ಎಫ್ ಸಂಖ್ಯೆ ಕಿರಿದು. ಕ್ಯಾಮೆರಾ ಜೊತೆ ಬರುವ 18 ಮಿ.ಮೀ. ಎಫ್/3.5 ಲೆನ್ಸಿಗೆ ಸುಮಾರು 1.5, 24 ಮಿ.ಮೀ. ಎಫ್/1.4 ಲೆನ್ಸಿಗೆ 12, ಅಗ್ಗದ 50 ಮಿ.ಮೀ. ಎಫ್/1.8 ಲೆನ್ಸಿಗೆ 15. ಒಂದೇ ಬಗೆಯ ಸೆನ್ಸರ್ ಮೇಲೆ ಈ ಸಂಖ್ಯೆ ಹೆಚ್ಚಿದಷ್ಟೂ ಕ್ಷೀಣ ಉಲ್ಕೆಗಳೂ ಸಿಕ್ಕುತ್ತವೆ. ಆದರೆ ಫುಲ್‌ಫ್ರೇಮಿನಲ್ಲಿ 24 ಮಿ.ಮೀ. ಲೆನ್ಸ್ ನಮಗೆ ಕಾಣುವ ಆಕಾಶದ ಆರನೇ ಒಂದು ಭಾಗವನ್ನು ಹಿಡಿದರೆ, 50 ಮಿ.ಮೀ. ಹಿಡಿಯುವುದು ಇಪ್ಪತ್ತನೇ ಒಂದು ಭಾಗ. 'ಗಂಟೆಗೆ 150 ಉಲ್ಕೆ' ಎಂಬ ಸುದ್ದಿ ನಂಬಿ ಹೋದವರು ನಿರಾಶರಾಗುವುದಕ್ಕೆ ಇದೂ ಒಂದು ಕಾರಣ. ಆ ಅಂಕಿ ಕಗ್ಗತ್ತಲ ಇಡೀ ಆಕಾಶದ್ದು, ಅದೂ ಉಲ್ಕೆಗಳೆಲ್ಲ ಹೊಮ್ಮಿದಂತೆ ಕಾಣುವ ಉಗಮಬಿಂದು ನೆತ್ತಿಯ ಮೇಲಿದ್ದರೆ.

ಕರ್ನಾಟಕಕ್ಕೆ ಹೇಳಿ ಮಾಡಿಸಿದ್ದು ಡಿಸೆಂಬರ್ 14ರ ಆಸುಪಾಸಿನಲ್ಲಿ ಮಿಥುನ ರಾಶಿಯಿಂದ ಹೊಮ್ಮಿದಂತೆ ಕಾಣುವ ಜೆಮಿನಿಡ್ ಉಲ್ಕಾಪಾತ. ಆಗಸ್ಟಿನ ಪರ್ಸೀಡ್‌ಗಳ ಉಗಮಬಿಂದು ಬೆಂಗಳೂರಿನಲ್ಲಿ ಸುಮಾರು 45 ಡಿಗ್ರಿಗಿಂತ ಮೇಲೇರುವುದಿಲ್ಲ, ಸಾಲದ್ದಕ್ಕೆ ಮಳೆಗಾಲ. ಜೆಮಿನಿಡ್‌ಗಳ ಉಗಮಬಿಂದು ರಾತ್ರಿ ಎರಡರ ಸುಮಾರಿಗೆ ಬೆಂಗಳೂರಿನ ಅಕ್ಷಾಂಶದಲ್ಲಿ 70 ಡಿಗ್ರಿ ಎತ್ತರದಲ್ಲಿರುತ್ತದೆ. ಪರ್ಸೀಡ್‌ಗಳ ವೇಗ ಸೆಕೆಂಡಿಗೆ 59 ಕಿ.ಮೀ., ಇವುಗಳದ್ದು 35. ನಿಧಾನವಾಗಿ ಸಾಗುವ ಉಲ್ಕೆ ಪಿಕ್ಸೆಲ್ ಮೇಲೆ ಹೆಚ್ಚು ಹೊತ್ತು ಇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ಕ್ಕೆ. ಎಳೆಯ ಚಂದ್ರ ನಡುರಾತ್ರಿಗೆ ಮೊದಲೇ ಮುಳುಗುತ್ತಾನೆ.

ಈ ಉಲ್ಕೆಗಳ ಮೂಲ ಬಹುಕಾಲ ಗೊತ್ತಿರಲಿಲ್ಲ. 1983ರಲ್ಲಿ ಐರಾಸ್ ಉಪಗ್ರಹ ಫೇಥಾನ್ ಎಂಬ ಕಾಯವನ್ನು ಪತ್ತೆ ಮಾಡಿತು. ಅದರ ಕಕ್ಷೆ ಜೆಮಿನಿಡ್‌ಗಳ ಕಕ್ಷೆಗೆ ಸರಿಹೊಂದುವುದನ್ನು ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಗುರುತಿಸಿದರು. ನೋಡಲು ಅದು ಧೂಮಕೇತುವಲ್ಲ, ಕಲ್ಲಿನ ಕ್ಷುದ್ರಗ್ರಹ. ಅಷ್ಟಾದರೂ ಮಿಥುನ ರಾಶಿಯಿಂದ ಉಲ್ಕೆ ಬಿದ್ದರೆ ಆ ರಾಶಿಯವರಿಗೆ ಕೇಡು ಎಂದು ಹೆದರಿಸುವವರಿದ್ದಾರೆ. ಆ ರಾಶಿಯ ಪೊಲಕ್ಸ್ ನಕ್ಷತ್ರ 34 ಜ್ಯೋತಿರ್ವರ್ಷ ದೂರದಲ್ಲಿದೆ. ಉಲ್ಕೆ ಉರಿಯುವುದು ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ. ಮಕ್ಕಳನ್ನು ಒಳಗೆ ಕೂಡಿಹಾಕುವ ಬದಲು ಹೊರಗೆ ಚಾಪೆ ಹಾಸಿ ಮಲಗಿಸಿ, ತೋರಿಸಿ.

ಕ್ಯಾಮೆರಾವನ್ನು ಉಗಮಬಿಂದುವಿಗೇ ಗುರಿಯಿಡಬೇಡಿ. ಅಲ್ಲಿ ಉಲ್ಕೆಗಳು ನಮ್ಮತ್ತಲೇ ಬರುವುದರಿಂದ ಗೆರೆ ಗಿಡ್ಡ. 40ರಿಂದ 60 ಡಿಗ್ರಿ ಆಚೆಗೆ, ಊರಿನ ಬೆಳಕಿಗೆ ಬೆನ್ನು ಮಾಡಿ ತಿರುಗಿಸಿ. ತೆರಪು ಪೂರ್ತಿ, ಐಎಸ್‌ಒ 3200, ರಾ ಫೈಲ್, 15 ಸೆಕೆಂಡ್. 24 ಮಿ.ಮೀ. ಲೆನ್ಸಿನಲ್ಲಿ ಇಷ್ಟಕ್ಕೆ ನಕ್ಷತ್ರಗಳು ಹೆಚ್ಚು ಎಳೆಯುವುದಿಲ್ಲ. ಲೈವ್ ವ್ಯೂನಲ್ಲಿ ಲುಬ್ಧಕವನ್ನು ಹತ್ತು ಪಟ್ಟು ಹಿಗ್ಗಿಸಿ, ಕೈಯಿಂದ ಫೋಕಸ್ ಮಾಡಿ, ರಿಂಗಿಗೆ ಟೇಪ್ ಅಂಟಿಸಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕಡ್ಡಾಯವಾಗಿ ಆಫ್ ಇರಲಿ. ಅದು ಪ್ರತಿ ಚಿತ್ರದ ಬಳಿಕ ಅಷ್ಟೇ ಹೊತ್ತು ಶಟರ್ ಮುಚ್ಚಿ ಇನ್ನೊಂದು ಚಿತ್ರ ತೆಗೆಯುತ್ತದೆ. ಅರ್ಧ ರಾತ್ರಿ, ಅರ್ಧ ಉಲ್ಕೆ ಕೈತಪ್ಪುತ್ತವೆ. ಕಂಟಿನ್ಯುಯಸ್ ಮೋಡಿನಲ್ಲಿಟ್ಟು ರಿಮೋಟ್ ಗುಂಡಿಯನ್ನು ಒತ್ತಿ ಲಾಕ್ ಮಾಡಿದರೆ ಗಂಟೆಗೆ ಸುಮಾರು 240 ಚಿತ್ರ, 6–7 ಜಿಬಿ. ನಮ್ಮಲ್ಲಿ ಚಳಿಗಿಂತ ದೊಡ್ಡ ಶತ್ರು ಇಬ್ಬನಿ. ನಡುರಾತ್ರಿಯ ಹೊತ್ತಿಗೆ ಗಾಜು ಮಂಜಾಗಿ, ಬೆಳಿಗ್ಗೆ ನೋಡಿದರೆ ನೂರಾರು ಚಿತ್ರ ಬೆಳ್ಳಗೆ! ಲೆನ್ಸಿಗೆ ಯುಎಸ್‌ಬಿ ಹೀಟರ್ ಪಟ್ಟಿ ಸುತ್ತಿ. ಒರೆಸಿದರೆ ಫೋಕಸ್ ಸರಿದೀತು.

ಚಿತ್ರಗಳನ್ನು ಹೆಕ್ಕುವಾಗ ಅಕ್ಕಪಕ್ಕದ ಫ್ರೇಮ್‌ಗಳನ್ನೂ ನೋಡಿ. ಗೆರೆ ಮುಂದಿನ ಫ್ರೇಮಿನಲ್ಲೂ ಮುಂದುವರಿದಿದ್ದರೆ ಉಪಗ್ರಹ, ಚುಕ್ಕಿಚುಕ್ಕಿಯಾಗಿದ್ದರೆ ವಿಮಾನ. ಉಲ್ಕೆ ಸಾಮಾನ್ಯವಾಗಿ ಒಂದೇ ಫ್ರೇಮಿನಲ್ಲಿ, ಎರಡೂ ತುದಿ ಸಪೂರವಾಗಿ, ಎಷ್ಟೋ ಸಲ ಹಸಿರು ಛಾಯೆಯಲ್ಲಿ ಇರುತ್ತದೆ. ಚಿತ್ರಗಳನ್ನು ಒಟ್ಟುಗೂಡಿಸುವಾಗ ಸರಾಸರಿ ತೆಗೆಯಬೇಡಿ. ನೂರರಲ್ಲಿ ಒಂದೇ ಫ್ರೇಮಿನಲ್ಲಿರುವ ಗೆರೆ ನೂರನೇ ಒಂದು ಭಾಗಕ್ಕೆ ಕುಗ್ಗಿ ಅಳಿಸಿಹೋಗುತ್ತದೆ. ಫ್ರೇಮ್‌ಗಳನ್ನು ನಕ್ಷತ್ರಗಳಿಗೆ ಹೊಂದಿಸಿಕೊಂಡು, ಪ್ರತಿ ಬಿಂದುವಿನಲ್ಲೂ ಅತಿ ಪ್ರಖರವಾದದ್ದನ್ನೇ ಉಳಿಸುವ 'ಲೈಟನ್' ಮೋಡಿನಲ್ಲಿ ಸೇರಿಸಿ, ಎಷ್ಟು ಗಂಟೆಯ ಚಿತ್ರಗಳಿಂದ ಮಾಡಿದ್ದೆಂದು ಅಡಿಬರಹದಲ್ಲಿ ಬರೆಯಿರಿ.