ಆಲಿವರ್ ಪೋಸ್ಟ್‌ಗೇಟ್: ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಕ್ಕಳ ಟಿವಿ

ಮಕ್ಕಳ ಆ್ಯನಿಮೇಶನ್ ಓದುವವರು ಬ್ರಿಟನ್ನಿನ ಆಲಿವರ್ ಪೋಸ್ಟ್‌ಗೇಟ್ (1925–2008) ಅವರನ್ನು ಬಿಡುವ ಹಾಗಿಲ್ಲ. ಕತೆ ಬರೆದವರೂ ಅವರೇ, ಕ್ಯಾಮೆರಾ ಹಿಂದೆ ನಿಂತವರೂ ಅವರೇ, ಬಹಳಷ್ಟು ಪಾತ್ರಗಳ ದನಿಯೂ ಅವರದೇ.

ಅವರದು ದೊಡ್ಡ ಹೆಸರಿನ ಮನೆತನ. ತಾಯಿಯ ತಂದೆ ಜಾರ್ಜ್ ಲ್ಯಾನ್ಸ್‌ಬರಿ ಲೇಬರ್ ಪಕ್ಷದ ನಾಯಕರಾಗಿದ್ದವರು. ನಟಿ ಆಂಜೆಲಾ ಲ್ಯಾನ್ಸ್‌ಬರಿ ಸೋದರಮಾವನ ಮಗಳು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಲು ಒಪ್ಪದೆ ಪೋಸ್ಟ್‌ಗೇಟ್ ಜೈಲಿಗೂ ಹೋಗಿದ್ದರು.

1957ರಲ್ಲಿ ಒಂದು ಟಿವಿ ಕಂಪನಿಯಲ್ಲಿ ಸ್ಟೇಜ್ ಮ್ಯಾನೇಜರ್ ಆದರು. ಅಲ್ಲಿ ಮಾಡಿದ ಮೊದಲ ಕಾರ್ಯಕ್ರಮದಲ್ಲಿ ಇಲಿಗಳ ಚಿತ್ರಗಳನ್ನು ಅಯಸ್ಕಾಂತದಿಂದ ಎಳೆದಾಡಿಸಿ ನೇರ ಪ್ರಸಾರ ಮಾಡುತ್ತಿದ್ದರು! ಅದು ಬಹಳ ತೊಡಕಿನ ಕೆಲಸ. ಹಾಗಾಗಿ ನೇರ ಪ್ರಸಾರ ಬಿಟ್ಟು ಫಿಲಂ ಮೇಲೆ ಚಿತ್ರೀಕರಿಸತೊಡಗಿದರು. ಕಲಾವಿದ ಪೀಟರ್ ಫರ್ಮಿನ್ ಜೊತೆ ಸೇರಿ 1959ರಲ್ಲಿ ‘ಸ್ಮಾಲ್‌ಫಿಲ್ಮ್ಸ್’ ಶುರು ಮಾಡಿದರು. ಸ್ಟುಡಿಯೋ ಎಂದರೆ ಕ್ಯಾಂಟರ್‌ಬರಿ ಹತ್ತಿರದ ಬ್ಲೀನ್‌ನಲ್ಲಿ ಫರ್ಮಿನ್ ಮನೆಯ ಹಳೇ ದನದ ಕೊಟ್ಟಿಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ನಮಗೆ ಕಲಿಯಲು ಜಾಸ್ತಿ ಇರುವುದು ಇಲ್ಲೇ. ಮಾಮೂಲಿ ಕಾರ್ಟೂನ್‌ನಲ್ಲಿ ಒಂದೊಂದು ಚಲನೆಗೂ ಹೊಸ ಚಿತ್ರ ಬರೆಯಬೇಕು, ಅದಕ್ಕೆ ಜನ ಬೇಕು, ದುಡ್ಡು ಬೇಕು. ಇವರು ರಟ್ಟಿನಲ್ಲಿ ಕತ್ತರಿಸಿದ ಪಾತ್ರಗಳನ್ನು ಚೂರುಚೂರೇ ಸರಿಸಿ ಒಂದೊಂದೇ ಫ್ರೇಮ್ ತೆಗೆದರು, ಆಮೇಲೆ ಗೊಂಬೆಗಳನ್ನೂ ಹಾಗೇ ಆಡಿಸಿದರು. ಹೀಗೆ ದಿನಕ್ಕೆ ಸುಮಾರು 2 ನಿಮಿಷದ ಫಿಲಂ ಸಿಗುತ್ತಿತ್ತು. ಚಿತ್ರ ಕಡಿಮೆ ಅಲುಗಾಡುತ್ತದೆ, ಆದ್ದರಿಂದ ಕತೆಯನ್ನು ಮಾತು ಹೊರಬೇಕು. ಏನು ಆಡಿಸಬಹುದು, ಏನು ಆಗದು ಎಂದು ಬರೆಯುವವರಿಗೇ ಗೊತ್ತಿತ್ತಲ್ವಾ, ಅದಕ್ಕೇ ಆ ನಿಧಾನದ, ಬೆಚ್ಚನೆಯ ನಿರೂಪಣೆ ಕೊರತೆ ಮುಚ್ಚಲು ತಂದು ಹಚ್ಚಿದ ಹಾಗೆ ಎಲ್ಲೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಇದೇ.

‘ಐವರ್ ದಿ ಎಂಜಿನ್’, ‘ನಾಗಿನ್ ದಿ ನಾಗ್’ ಅವರ ಮೊದಲ ಕಾಲದ ಸರಣಿಗಳು. 1974ರ ‘ಬ್ಯಾಗ್‌ಪಸ್’ ಬರೀ 13 ಕಂತು, ಆದರೂ ಮೆಚ್ಚಿನ ಮಕ್ಕಳ ಕಾರ್ಯಕ್ರಮ ಯಾವುದೆಂಬ 1999ರ ಬಿಬಿಸಿ ಮತದಾನದಲ್ಲಿ ಅಲ್ಲಿನ ಜನ ಅದನ್ನೇ ಮೊದಲ ಸ್ಥಾನಕ್ಕೆ ಆರಿಸಿದರು.

ಬರವಣಿಗೆ ಕಲಿಯುವವರು ಮೊದಲು ನೋಡಬೇಕಾದದ್ದು 1969ರಲ್ಲಿ ಶುರುವಾದ ‘ಕ್ಲ್ಯಾಂಗರ್ಸ್’. ಫರ್ಮಿನ್ ಪತ್ನಿ ಜೋನ್ ಉಣ್ಣೆಯಲ್ಲಿ ಹೆಣೆದ ಗುಲಾಬಿ ಜೀವಿಗಳು, ಮಾತೆಲ್ಲ ಸೀಟಿಯಲ್ಲಿ. ಸುಮ್ನೆ ಊದಿದ್ದಲ್ಲ. ಪ್ರತಿ ಸಂಭಾಷಣೆಯನ್ನೂ ಇಂಗ್ಲಿಷ್‌ನಲ್ಲಿ ಪೂರ್ತಿ ಬರೆದುಕೊಂಡು, ಆ ಮಾತಿನ ಏರಿಳಿತವನ್ನೇ ಊದಿದರು. ಒಂದು ಕಂತು ಹಾಕಿ, ಆ ಸೀಟಿಗಳಿಗೆ ಕನ್ನಡದಲ್ಲಿ ಮಾತು ಬರೆದು ನೋಡಿ.